ಆಟಕ್ಕೆ ಬೂಟು ಕೊಂಡಿರಿ, ಹಲ್ಲಿಗೇನು ಕೊಂಡಿರಿ?

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಎಂಬಿಬಿಎಸ್ ಮುಗಿಸಿ ಸುರಪುರದ ಕಡೆ ಆಗಷ್ಟೇ ವೃತ್ತಿ ಆರಂಭಿಸಿದ್ದೆ. ಯಾದಗಿರಿ ಆಗಿನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಒಂದು ಸಂಜೆ ತಿಂಥಣಿಯ ರೈತರೊಬ್ಬರು ತಮ್ಮ ಹನ್ನೊಂದು ವರ್ಷದ ಮಗನನ್ನು ಕರೆದುಕೊಂಡು ಬಂದರು. ಹುಡುಗ ಟವೆಲ್ಲಿನಿಂದ ಬಾಯಿ ಒತ್ತಿ ಹಿಡಿದಿದ್ದ. ಟವೆಲ್ಲು ರಕ್ತದಿಂದ ಒದ್ದೆಯಾಗಿತ್ತು. ಶಾಲೆಯ ಬಯಲಿನಲ್ಲಿ ಕಬಡ್ಡಿ ಆಡುವಾಗ ಎದುರು ತಂಡದವನ ಕಾಲು ಹಿಡಿಯಲು ಬಾಗಿದ್ದಾನೆ. ಅವನ ಮೊಣಕಾಲು ನೇರವಾಗಿ ಇವನ ಬಾಯಿಗೆ ಬಡಿದಿದೆ. ಮೇಲಿನ ಸಾಲಿನ ಮುಂದಿನ ಹಲ್ಲೊಂದು ಬೇರುಸಹಿತ ಕಿತ್ತು ಬಂದಿತ್ತು.

ತಂದೆ ಅಂಗಿಯ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. "ಹಲ್ಲ ಸಿಕ್ಕದರಿ ಸಾಹೇಬ್ರ. ಮಣ್ಣಾಗ ಬಿದ್ದಿತ್ತು, ಚಲೋತ್ನಾಗಿ ತಿಕ್ಕಿ ತೊಳದು ತಂದೀನಿ. ಹೊಳ್ಳಿ ಕೂಡ್ಸಲಿಕ್ಕ ಬರ್ತದೇನ್ರಿ?" ಎಂದು ಕೇಳಿದರು.

ನಾನು ರಕ್ತ ನಿಲ್ಲಿಸಿದೆ. ಧನುರ್ವಾಯು ಬಾರದಂತೆ ಚುಚ್ಚುಮದ್ದು ಕೊಟ್ಟೆ. ನೋವಿಗೆ ಮಾತ್ರೆ ಬರೆದೆ. ಹಲ್ಲಿನ ಮಾತಿಗೆ ಮಾತ್ರ, "ಬಿದ್ದ ಹಲ್ಲು ಬಿದ್ದ ಹಾಗೆಯೇ, ದೊಡ್ಡವನಾದ ಮೇಲೆ ಕಟ್ಟಿಸಿದರಾಯಿತು" ಎಂದುಬಿಟ್ಟೆ. ಆ ತಂದೆ ಕೇಳಿದ ಪ್ರಶ್ನೆ ಸರಿಯಾಗಿತ್ತು. ವೈದ್ಯನಾದ ನಾನು ಕೊಟ್ಟ ಉತ್ತರವೇ ತಪ್ಪು. ಬಿದ್ದ ಹಲ್ಲನ್ನು ಮತ್ತೆ ಕೂಡಿಸಲು ಬರುತ್ತದೆ. ಆದರೆ ಅದಕ್ಕೆ ಸಿಗುವ ಸಮಯ ಬಹಳ ಕಡಿಮೆ. ಆ ಹಲ್ಲು ಒಣ ಕಾಗದದಲ್ಲಿ ಒಂದು ಗಂಟೆಗೂ ಹೆಚ್ಚು ಇತ್ತು, ಅದರ ಬೇರನ್ನು ತಿಕ್ಕಿಯೂ ಆಗಿತ್ತು. ಆದರೂ ಕೂಡಲೇ ದಂತವೈದ್ಯರ ಬಳಿ ಕಳುಹಿಸಬೇಕಾಗಿತ್ತು. ನನಗೆ ಆಗ ಅದು ಹೊಳೆಯಲಿಲ್ಲ.

ಆ ಹುಡುಗನಿಗೆ ಈಗ ಮೂವತ್ತು ದಾಟಿದೆ. ಇಂದಿಗೂ ನಗುವಾಗ ಅವನ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಈಚೆಗೆ ತನ್ನ ಏಳು ವರ್ಷದ ಮಗನನ್ನು ಜ್ವರಕ್ಕೆಂದು ಕರೆತಂದಿದ್ದ. ಹೊರಡುವ ಮುನ್ನ ಬಾಗಿಲಲ್ಲಿ ನಿಂತು ಕೇಳಿದ: "ಇವನೂ ಕಬಡ್ಡಿ ಹುಚ್ಚ ಹಚ್ಕೊಂಡಾನ್ರಿ ಸಾಹೇಬ್ರ. ಇವನ ಹಲ್ಲರ ಉಳಿಸಲಿಕ್ಕ ಏನರ ಅದ ಏನ್ರಿ?"

ಇದೆ. ಈ ವಾರದ ಅಂಕಣ ಅದನ್ನು ಕುರಿತದ್ದೇ.

ಮುಂದಿನ ಹಲ್ಲಿಗೇ ಪೆಟ್ಟು ಏಕೆ?

ಮಕ್ಕಳಿಗೆ ಮೇಲಿನ ಸಾಲಿನ ನಡುವಿನ ಎರಡು ಶಾಶ್ವತ ಹಲ್ಲುಗಳು ಹುಟ್ಟುವುದು ಸಾಮಾನ್ಯವಾಗಿ 7ರಿಂದ 8ನೇ ವಯಸ್ಸಿನಲ್ಲಿ. ಬಯಲಿಗೆ ಇಳಿದು ಓಡುವ, ಬೀಳುವ, ಗುದ್ದಾಡುವ ವಯಸ್ಸೂ ಅದೇ. ಹಲ್ಲು ಹೊರಗೆ ಕಂಡ ಮಾತ್ರಕ್ಕೆ ಬೆಳೆದು ಮುಗಿಯಿತು ಎಂದಲ್ಲ. ಅದರ ಬೇರು ಪೂರ್ತಿ ಬೆಳೆಯಲು ಇನ್ನೂ ಎರಡು ಮೂರು ವರ್ಷ ಬೇಕು. ಮುಖಕ್ಕೆ ಏನೇ ಬಡಿದರೂ ಮೊದಲು ತಾಗುವುದು ಈ ಎರಡು ಹಲ್ಲುಗಳಿಗೆ. ಹಲ್ಲು ಮುಂದಕ್ಕೆ ಚಾಚಿದ್ದು, ತುಟಿ ಅದನ್ನು ಪೂರ್ತಿ ಮುಚ್ಚದ ಮಕ್ಕಳಲ್ಲಿ ಅಪಾಯ ಇನ್ನೂ ಹೆಚ್ಚು.

"ಹೋದರೆ ಹೋಗಲಿ, ಒಂದು ಹಲ್ಲು ತಾನೆ" ಎನ್ನುವವರುಂಟು. ಹಾಲುಹಲ್ಲಾದರೆ ಅದರ ಜಾಗಕ್ಕೆ ಮತ್ತೊಂದು ಬರುತ್ತದೆ. ಶಾಶ್ವತ ಹಲ್ಲು ಹೋದರೆ ಇನ್ನೊಂದು ಬರುವುದಿಲ್ಲ. ದವಡೆಯ ಮೂಳೆಯಲ್ಲಿ ಲೋಹದ ತಿರುಪು ಕೂರಿಸಿ ಹೊಸ ಹಲ್ಲು ಕಟ್ಟುವ ಇಂಪ್ಲಾಂಟ್ ಚಿಕಿತ್ಸೆ ಇದೆ, ನಿಜ. ಆದರೆ ದವಡೆಯ ಬೆಳವಣಿಗೆ ಮುಗಿಯುವವರೆಗೆ ಅದನ್ನು ಮಾಡುವಂತಿಲ್ಲ. ಹತ್ತು ವರ್ಷದ ಮಗು ಹದಿಹರೆಯ ದಾಟುವವರೆಗೆ ತೆಗೆದು ಹಾಕುವ ಕಟ್ಟುಹಲ್ಲಿನಲ್ಲಿ ಅಥವಾ ಬೋಳುಜಾಗದಲ್ಲಿ ದಿನ ದೂಡಬೇಕು. ಅಷ್ಟರಲ್ಲಿ ಆ ಜಾಗದ ಮೂಳೆ ಸವೆದು ತಗ್ಗಾಗುತ್ತದೆ, ಅಕ್ಕಪಕ್ಕದ ಹಲ್ಲುಗಳು ವಾಲುತ್ತವೆ. ಖರ್ಚೂ ಕಡಿಮೆಯಲ್ಲ.

ಮಾತಿನ ತೊಂದರೆ ಬೇರೆ. ತ, ಥ, ದ, ಧ, ನ ಎಂಬ ಐದು ಅಕ್ಷರಗಳನ್ನು ನಮ್ಮ ವ್ಯಾಕರಣದಲ್ಲಿ ದಂತ್ಯಗಳು ಎಂದೇ ಕರೆಯುತ್ತಾರೆ. ಇವನ್ನು ಉಚ್ಚರಿಸಲು ನಾಲಿಗೆ ಮುಂದಿನ ಹಲ್ಲಿನ ಹಿಂಬದಿಗೆ ತಾಗಬೇಕು. ಮುಂದಿನ ಹಲ್ಲು ಕಳೆದುಕೊಂಡ ಮಗುವಿಗೆ ಕೆಲಕಾಲ ತಿಂಥಣಿ ಎಂಬ ತನ್ನೂರಿನ ಹೆಸರು ಹೇಳುವುದೂ ಕಷ್ಟವಾದೀತು. ತರಗತಿಯಲ್ಲಿ ಗೆಳೆಯರು ನಗುತ್ತಾರೆ, ಮಗು ಮಾತು ಕಡಿಮೆ ಮಾಡುತ್ತದೆ. ಈ ಗಾಯ ತಾಯಿತಂದೆಯ ಕಣ್ಣಿಗೆ ಬೀಳುವುದೇ ಇಲ್ಲ.

ಯಾವ ಆಟದಲ್ಲಿ ಅಪಾಯ?

ದೇಹಕ್ಕೆ ದೇಹ ತಾಗುವ ಆಟ, ಚೆಂಡು ಅಥವಾ ಕೋಲು ಮುಖದ ಎತ್ತರಕ್ಕೆ ಬರುವ ಆಟ, ವೇಗದಲ್ಲಿ ನೆಲಕ್ಕೆ ಬೀಳುವ ಆಟ, ಈ ಮೂರರಲ್ಲೂ ಹಲ್ಲಿಗೆ ಅಪಾಯವಿದೆ. ನಮ್ಮ ಕಡೆ ಕಬಡ್ಡಿ, ಕುಸ್ತಿ ಮೊದಲ ಗುಂಪಿಗೆ ಸೇರಿದವು. ಕಬಡ್ಡಿಯಲ್ಲಿ ಒಬ್ಬನ ಮೇಲೆ ನಾಲ್ವರು ಬೀಳುವಾಗ ಯಾರ ತಲೆ ಯಾರ ದವಡೆಗೆ ಬಡಿಯುತ್ತದೆಂದು ಹೇಳಲಾಗದು. 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದ ಮೇಲೆ ಟಿವಿಯಲ್ಲಿ ಕಂಡ ಪಟ್ಟುಗಳನ್ನೆಲ್ಲ ಮಕ್ಕಳು ಊರ ಬಯಲಿನಲ್ಲಿ ಮಾಡಿ ನೋಡುತ್ತಾರೆ. ಆದರೆ ಟಿವಿಯ ಆಟಗಾರರ ಕೆಳಗೆ ಮೆತ್ತನೆಯ ಮ್ಯಾಟ್ ಇರುತ್ತದೆ, ನಮ್ಮ ಮಕ್ಕಳ ಕೆಳಗೆ ಕಲ್ಲುಮಣ್ಣಿನ ನೆಲ.

ಹಾಕಿ, ಕ್ರಿಕೆಟ್, ಚಿನ್ನಿದಾಂಡು ಎರಡನೆಯ ಗುಂಪು. ಖೊಖೊದಲ್ಲಿ ಕಂಬಕ್ಕೆ ಮುಖ ಬಡಿಯುವುದುಂಟು. ಸೈಕಲ್ಲಿನಿಂದ ಮುಗ್ಗರಿಸಿ ಬಿದ್ದು ಹಲ್ಲು ಮುರಿದುಕೊಂಡ ಮಕ್ಕಳನ್ನೂ ನಾವು ಆಗಾಗ ನೋಡುತ್ತೇವೆ.

ಬಾಕ್ಸಿಂಗ್ ಮತ್ತು ಟೇಕ್ವಾಂಡೊ ಸ್ಪರ್ಧೆಗಳಲ್ಲಿ ಬಾಯಿಗೆ ಕವಚ ಹಾಕದೆ ಕಣಕ್ಕೆ ಇಳಿಯುವಂತಿಲ್ಲ. ಅಂತಾರಾಷ್ಟ್ರೀಯ ಹಾಕಿ ನಿಯಮಾವಳಿ ಅದನ್ನು ಕಡ್ಡಾಯ ಮಾಡಿಲ್ಲ, ಆದರೆ ಮೊಣಕಾಲ ಕೆಳಗಿನ ಪಟ್ಟಿಯ ಜೊತೆಗೆ ಬಾಯಿಯ ರಕ್ಷಣೆಯನ್ನೂ ಶಿಫಾರಸು ಮಾಡುತ್ತದೆ. ಕೊಡಗಿನಲ್ಲಿ 1997ರಿಂದ ನಡೆದು ಬಂದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಮನೆಯ ಹಿರಿಯರ ಜೊತೆ ಮಕ್ಕಳೂ ಕೋಲು ಹಿಡಿಯುತ್ತಾರೆ. ಅಂಥ ಆಟದ ಮನೆಗಳಲ್ಲಿ ಹಾಕಿ ಕೋಲಿನ ಪಕ್ಕದಲ್ಲಿ ಒಂದು ಬಾಯಿಕವಚವೂ ಇರಬೇಕು.

ಕುಂಬ್ಳೆ ಕಟ್ಟಿಕೊಂಡ ಬ್ಯಾಂಡೇಜು

ನಮ್ಮವರೇ ಆದ ಅನಿಲ್ ಕುಂಬ್ಳೆ ಅವರನ್ನು ಇಲ್ಲಿ ನೆನೆಯಬೇಕು. 2002ರ ಮೇ ತಿಂಗಳು, ವೆಸ್ಟ್ ಇಂಡೀಸಿನ ಆಂಟಿಗಾದಲ್ಲಿ ಟೆಸ್ಟ್ ಪಂದ್ಯ. ಬ್ಯಾಟ್ ಮಾಡುವಾಗ ಮರ್ವಿನ್ ಡಿಲಾನ್ ಎಸೆದ ಚೆಂಡು ಕುಂಬ್ಳೆ ಅವರ ದವಡೆಗೆ ಬಡಿದು ಮೂಳೆ ಮುರಿಯಿತು. ತಲೆಯಿಂದ ಗಲ್ಲದವರೆಗೆ ಬ್ಯಾಂಡೇಜು ಸುತ್ತಿಕೊಂಡು ಅವರು ಮತ್ತೆ ಮೈದಾನಕ್ಕೆ ಬಂದರು. ಸತತ 14 ಓವರು ಎಸೆದರು, ಬ್ರಯಾನ್ ಲಾರಾ ಅವರನ್ನು ಎಲ್‌ಬಿಡಬ್ಲ್ಯು ಬಲೆಗೆ ಕೆಡವಿದರು. ಆಮೇಲೆ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಮರಳಿದರು. ಆ ಚಿತ್ರ ಕಂಡು ದೇಶವೇ ಕೊಂಡಾಡಿತು. ನಾನೂ ಹೆಮ್ಮೆಪಟ್ಟವರಲ್ಲಿ ಒಬ್ಬ.

ಆದರೆ ವೈದ್ಯನಾಗಿ ಒಂದು ಮಾತು ಹೇಳಲೇಬೇಕು. ಅದು ಪಳಗಿದ ಆಟಗಾರನೊಬ್ಬ ತಿಳಿದು ಮಾಡಿದ ನಿರ್ಧಾರ. ಬಾಯಿಗೆ ಪೆಟ್ಟು ಬಿದ್ದ ಮಗುವಿಗೆ "ಗಂಡುಮಗ ಅಲ್ಲವೇನೋ, ಎದ್ದು ಆಡು" ಎಂದು ಹುರಿದುಂಬಿಸಲು ಈ ಕಥೆಯನ್ನು ಬಳಸಬೇಡಿ. ಅಂಥ ಆಟಗಾರನ ದವಡೆಯೇ ಮುರಿಯುವುದಾದರೆ ಎಳೆಯ ಮಗುವಿನ ಮುಖದ ಗತಿಯೇನು ಎಂದು ಯೋಚಿಸಿ.

ಬಾಯಿಕವಚ ಎಂದರೇನು?

ಇಂಗ್ಲಿಷಿನಲ್ಲಿ ಮೌತ್ ಗಾರ್ಡ್ ಎನ್ನುತ್ತಾರೆ. ಮೇಲಿನ ಹಲ್ಲುಗಳ ಮೇಲೆ ಕೂರುವ, ಕುದುರೆಲಾಳದ ಆಕಾರದ, ರಬ್ಬರಿನಂತೆ ಮಣಿಯುವ ಪ್ಲಾಸ್ಟಿಕ್ ಹೊದಿಕೆ ಇದು. ಸುಮಾರು 1890ರ ದಶಕದಲ್ಲಿ ಲಂಡನ್ನಿನ ದಂತವೈದ್ಯ ವುಲ್ಫ್ ಕ್ರಾಸ್ ಎಂಬವರು ಬಾಕ್ಸರುಗಳ ಹಲ್ಲಿಗೆ ಗಟಾಪರ್ಚಾ ಎಂಬ ಮರದ ಅಂಟಿನ ಪಟ್ಟಿ ಕೂರಿಸಿದ್ದು ಇದರ ಮೂಲ. ಈಗ ಬಳಸುವುದು ಬಹುಮಟ್ಟಿಗೆ ಇವಿಎ ಎಂಬ ಮೃದು ಪ್ಲಾಸ್ಟಿಕ್.

ಇದರ ಕೆಲಸ ಸರಳ. ಒಂದೇ ಹಲ್ಲಿನ ಮೇಲೆ ಬೀಳುವ ಪೆಟ್ಟನ್ನು ಹಲವು ಹಲ್ಲುಗಳಿಗೆ ಹಂಚುತ್ತದೆ, ಒಂದಿಷ್ಟನ್ನು ತಾನೇ ಹೀರುತ್ತದೆ. ಗಲ್ಲಕ್ಕೆ ಏಟು ಬಿದ್ದಾಗ ಕೆಳಹಲ್ಲು ಮೇಲಿನ ಹಲ್ಲಿಗೆ ಕುಟ್ಟದಂತೆ ನಡುವೆ ಮೆತ್ತೆಯಾಗುತ್ತದೆ. ತುಟಿ, ಕೆನ್ನೆ, ನಾಲಿಗೆಗೆ ಹಲ್ಲು ನಾಟದಂತೆ ತಡೆಯುತ್ತದೆ. ಇದರಲ್ಲಿ ಮೂರು ಬಗೆಗಳಿವೆ.

ಮೊದಲನೆಯದು ಸಿದ್ಧ ಅಳತೆಯದು. ಕೊಂಡು ಹಾಗೆಯೇ ಬಾಯಿಗೆ ಹಾಕುವಂಥದ್ದು. ಬೆಲೆ ಕಡಿಮೆ, ಆದರೆ ಸರಿಯಾಗಿ ಕೂರುವುದಿಲ್ಲ. ಬೀಳದಂತೆ ಹಲ್ಲು ಕಚ್ಚಿಯೇ ಹಿಡಿದಿರಬೇಕು, ಮಾತಿಗೂ ಉಸಿರಿಗೂ ಅಡ್ಡಿ. ಇದನ್ನು ನಾನು ಹೇಳುವುದಿಲ್ಲ.

ಎರಡನೆಯದು ಬಿಸಿನೀರಿನಲ್ಲಿ ಅದ್ದಿ ಕಚ್ಚಿ ಅಚ್ಚು ಮಾಡಿಕೊಳ್ಳುವಂಥದ್ದು. ದೊಡ್ಡ ಊರುಗಳ ಕ್ರೀಡಾ ಸಾಮಗ್ರಿ ಅಂಗಡಿಗಳಲ್ಲಿ ಸಿಗುತ್ತದೆ, ಆನ್‌ಲೈನಿನಲ್ಲಿ ತರಿಸಲೂಬಹುದು. ಬೆಲೆ ಸಾಮಾನ್ಯವಾಗಿ ಒಂದು ಜೊತೆ ಕ್ರೀಡಾಬೂಟಿಗಿಂತ ಕಡಿಮೆಯೇ. ಹಲ್ಲು ಇನ್ನೂ ಬೀಳುತ್ತ ಹುಟ್ಟುತ್ತ ಇರುವ ಮಕ್ಕಳಿಗೆ ಇದು ಅನುಕೂಲ.

ಮೂರನೆಯದು ದಂತವೈದ್ಯರು ಮಗುವಿನ ಹಲ್ಲಿನ ಅಚ್ಚು ತೆಗೆದು, ಅದರ ಪ್ಲಾಸ್ಟರ್ ಮಾದರಿಯ ಮೇಲೆ ತಯಾರಿಸಿಕೊಡುವಂಥದ್ದು. ಎಲ್ಲಕ್ಕಿಂತ ಒಳ್ಳೆಯದು ಇದೇ. ಬಿಗಿಯಾಗಿ ಕೂರುತ್ತದೆ, ಮಾತನಾಡಬಹುದು. ಬೆಲೆ ಹೆಚ್ಚು. ಕಲಬುರಗಿ, ರಾಯಚೂರುಗಳಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ವಿಚಾರಿಸಬಹುದು. ಜಿಲ್ಲೆ, ರಾಜ್ಯ ಮಟ್ಟಕ್ಕೆ ಆಡುವ ಮಕ್ಕಳಿಗೆ ಇದನ್ನೇ ಮಾಡಿಸಿ. ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಮಕ್ಕಳು ದಂತವೈದ್ಯರನ್ನು ಕೇಳದೆ ಯಾವ ಕವಚವನ್ನೂ ಹಾಕಬಾರದು.

ಅಚ್ಚು ಕೂರಿಸುವ ಬಗೆ

ಎರಡನೆಯ ಬಗೆಯದನ್ನು ಕೊಂಡರೆ ಅಚ್ಚು ಕೂರಿಸುವ ಕೆಲಸ ದೊಡ್ಡವರದೇ, ಮಗುವಿನ ಕೈಗೆ ಬಿಡಬೇಡಿ. ಪೊಟ್ಟಣದ ಮೇಲೆ ಬರೆದಷ್ಟೇ ಹೊತ್ತು ಬಿಸಿನೀರಿನಲ್ಲಿಡಿ. ಹೊರತೆಗೆದು ತಣ್ಣೀರಿನಲ್ಲಿ ಒಮ್ಮೆ ಅದ್ದಿ, ಬಾಯಿ ಸುಡುವುದಿಲ್ಲ ಎಂದು ನಿಮ್ಮ ಕೈಗೆ ತಾಗಿಸಿ ನೋಡಿ. ಕನ್ನಡಿಯ ಮುಂದೆ ಮಗುವಿನ ಮೇಲಿನ ಹಲ್ಲಿಗೆ ಕೂರಿಸಿ ಮೆಲ್ಲಗೆ ಕಚ್ಚಲು ಹೇಳಿ. ಹೊರಗಿನಿಂದ ತುಟಿ, ಕೆನ್ನೆಯ ಮೇಲೆ ಬೆರಳಿನಿಂದ ಒತ್ತಿ. ಒಳಗಿನ ಗಾಳಿಯನ್ನು ಮಗು ಹೀರಿಕೊಳ್ಳಲಿ. ಆಮೇಲೆ ತಣ್ಣೀರಿಗೆ ಹಾಕಿದರೆ ಆ ಆಕಾರ ನಿಲ್ಲುತ್ತದೆ.

ಸರಿಯಾಗಿ ಕೂತಿದೆಯೇ ಎಂದು ನೋಡಲು ಮೂರು ಪರೀಕ್ಷೆ. ಬಾಯಿ ತೆರೆದರೂ ಬೀಳಬಾರದು. ತನ್ನ ಹೆಸರು, ಊರ ಹೆಸರು ಹೇಳಿದರೆ ನಿಮಗೆ ತಿಳಿಯಬೇಕು. ಹತ್ತು ಹೆಜ್ಜೆ ಓಡಿ ಬಂದರೂ ಉಸಿರಿಗೆ ಕಷ್ಟವಾಗಬಾರದು, ವಾಕರಿಕೆ ಬರಬಾರದು. ಕಬಡ್ಡಿಯಲ್ಲಿ ದಾಳಿಗೆ ಹೋಗುವವನು "ಕಬಡ್ಡಿ ಕಬಡ್ಡಿ" ಎನ್ನುತ್ತಲೇ ಇರಬೇಕಲ್ಲ, ಕವಚ ಹಾಕಿದರೆ ಹೇಗೆ ಎಂದು ಕೇಳುವವರುಂಟು. ಚೆನ್ನಾಗಿ ಕೂತ ಕವಚದಲ್ಲಿ ಅದನ್ನು ಹೇಳಲು ಬರುತ್ತದೆ. ನಾಲ್ಕು ದಿನದ ಅಭ್ಯಾಸ ಬೇಕು, ಅಷ್ಟೆ. ಮೊದಲ ವಾರ ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಹಾಕಿಸಿ ರೂಢಿ ಮಾಡಿಸಿ.

ಆಟ ಮುಗಿದ ಮೇಲೆ ತಣ್ಣೀರಿನಲ್ಲಿ ಬ್ರಶ್ಶಿನಿಂದ ತೊಳೆದು, ಒರೆಸಿ, ಗಾಳಿಯಾಡುವ ಡಬ್ಬಿಯಲ್ಲಿಡಿ. ಬಿಸಿಲಿನಲ್ಲಿಟ್ಟರೆ ಆಕಾರ ಕೆಡುತ್ತದೆ, ನಮ್ಮ ಭಾಗದ ಬೇಸಗೆಯಲ್ಲಂತೂ ಬಹಳ ಬೇಗ. ಒಬ್ಬರದನ್ನು ಇನ್ನೊಬ್ಬರು ಹಾಕಿಕೊಳ್ಳಲೇಬಾರದು, ಅಣ್ಣತಮ್ಮಂದಿರಾದರೂ ಸರಿಯೇ. ಹರಿದರೆ, ಸಡಿಲವಾದರೆ, ಹೊಸ ಹಲ್ಲು ಬಂದು ಕೂರದಂತಾದರೆ ಬದಲಾಯಿಸಿ. ಮಕ್ಕಳು ಅದನ್ನು ಅಗಿಯುತ್ತ ಕೂತರೆ ಬೇಗ ಹಾಳಾಗುತ್ತದೆ.

ಕವಚದ ಮಿತಿಯನ್ನೂ ತಿಳಿದಿರಿ. ಅದು ಹಲ್ಲು, ತುಟಿಗಳನ್ನು ಕಾಯುತ್ತದೆ. ಮಿದುಳಿಗೆ ಬೀಳುವ ಪೆಟ್ಟನ್ನು ತಡೆಯುತ್ತದೆ ಎಂದು ನಂಬಿ ಕೂರಬೇಡಿ. ಲೆದರ್ ಚೆಂಡಿನ ಕ್ರಿಕೆಟ್ಟಿಗೆ ಮುಖದ ಜಾಲರಿಯುಳ್ಳ ಹೆಲ್ಮೆಟ್ ಬೇಕೇ ಬೇಕು.

ಕವಚ ಕೊಳ್ಳಲು ಆಗದ ಮನೆಗಳೂ ಉಂಟು. ಖರ್ಚಿಲ್ಲದ ಎಚ್ಚರಿಕೆಗಳನ್ನಾದರೂ ಪಾಲಿಸಿ. ಆಟದ ಮುಂಚೆ ನೆಲದ ಕಲ್ಲು ಆರಿಸಿ. ಕೈಕಡಗ, ಉಂಗುರ ತೆಗೆಸಿ. ಬಾಯಲ್ಲಿ ಪೆಪ್ಪರಮೆಂಟು, ಪೆನ್ನು ಇಟ್ಟುಕೊಂಡು ಓಡಲು ಬಿಡಬೇಡಿ. ದೊಡ್ಡ ಹುಡುಗರ ಎದುರು ಚಿಕ್ಕವರನ್ನು ಕಬಡ್ಡಿಗೆ ಇಳಿಸಬೇಡಿ.

ಹಲ್ಲು ಬಿದ್ದೇ ಬಿಟ್ಟರೆ

ಈ ಭಾಗವನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡರೂ ಸರಿ.

ಹಲ್ಲು ದವಡೆಯ ಮೂಳೆಗೆ ಮೊಳೆ ಹೊಡೆದಂತೆ ನೇರವಾಗಿ ನಾಟಿಕೊಂಡಿಲ್ಲ. ಬೇರಿನ ಸುತ್ತ ತೆಳುವಾದ ತಂತುಗಳ ಪದರವಿದೆ. ಹಲ್ಲನ್ನು ಮೂಳೆಗೆ ಕಟ್ಟಿ ಹಿಡಿಯುವುದು ಅದೇ. ಹಲ್ಲು ಕಿತ್ತು ಬಂದಾಗ ಆ ಪದರದ ಒಂದು ಭಾಗ ಬೇರಿಗೆ ಅಂಟಿಕೊಂಡು ಬರುತ್ತದೆ. ಅದರ ಜೀವಕೋಶಗಳು ಬದುಕಿದ್ದರೆ ಹಲ್ಲು ಮತ್ತೆ ಕೂಡುತ್ತದೆ. ಒಣಗಿದರೆ ಅವು ನಿಮಿಷ ನಿಮಿಷಕ್ಕೂ ಸಾಯುತ್ತ ಹೋಗುತ್ತವೆ. ಒಂದು ಗಂಟೆ ಒಣಗಿದ ಹಲ್ಲಿನ ಬೇರಿನಲ್ಲಿ ಬದುಕುಳಿದ ಕೋಶ ಸಿಗುವುದು ಕಷ್ಟ. ಆ ತಂದೆ ಒಳ್ಳೆಯ ಮನಸ್ಸಿನಿಂದಲೇ ಹಲ್ಲನ್ನು ತಿಕ್ಕಿ ತೊಳೆದಿದ್ದರು. ಅವರು ತಿಕ್ಕಿ ತೆಗೆದದ್ದು ಈ ಪದರವನ್ನೇ.

ಆದ್ದರಿಂದ ಹೀಗೆ ಮಾಡಿ:

1. ಮಗುವನ್ನು ಕೂರಿಸಿ ಸಮಾಧಾನ ಮಾಡಿ. ಹಲ್ಲನ್ನು ಹುಡುಕಿ. ನಾವು ಕಚ್ಚುವ ಬಿಳಿಯ ಭಾಗವನ್ನು ಮಾತ್ರ ಹಿಡಿದು ಎತ್ತಿ. ಬೇರನ್ನು ಮುಟ್ಟಬೇಡಿ.

2. ಮಣ್ಣಾಗಿದ್ದರೆ ಹಾಲಿನಲ್ಲೋ ಹರಿಯುವ ತಣ್ಣೀರಿನಲ್ಲೋ ಕೆಲವೇ ಕ್ಷಣ ಅಲುಗಿಸಿ ತೊಳೆಯಿರಿ. ತಿಕ್ಕಬಾರದು. ಸೋಪು, ಸ್ಪಿರಿಟ್, ಡೆಟಾಲ್, ಅರಿಶಿನ ಯಾವುದೂ ಬೇಡ.

3. ಶಾಶ್ವತ ಹಲ್ಲಾಗಿದ್ದು ಮಗು ಎಚ್ಚರವಾಗಿದ್ದರೆ, ಅಲ್ಲೇ ಅದರ ಗುಳಿಯಲ್ಲಿ ಸರಿಯಾದ ದಿಕ್ಕಿಗೆ ಮೆಲ್ಲಗೆ ಕೂರಿಸಿ. ಸ್ವಚ್ಛ ಕರವಸ್ತ್ರ ಕಚ್ಚಿ ಹಿಡಿಯಲು ಹೇಳಿ. ಇದಕ್ಕಿಂತ ಒಳ್ಳೆಯ ಪ್ರಥಮ ಚಿಕಿತ್ಸೆ ಇಲ್ಲ.

4. ಕೂರಿಸಲು ಧೈರ್ಯ ಸಾಲದಿದ್ದರೆ ಹಲ್ಲನ್ನು ತಣ್ಣನೆಯ ಹಾಲಿನಲ್ಲಿ ಮುಳುಗಿಸಿ. ಹತ್ತಿರದ ಅಂಗಡಿಯ ಒಂದು ನಂದಿನಿ ಪ್ಯಾಕೆಟ್ ಸಾಕು. ಬಿಸಿ ಹಾಲು, ಸಕ್ಕರೆ ಬೆರೆಸಿದ ಹಾಲು ಬೇಡ. ಹಾಲು ಸಿಗದಿದ್ದರೆ ಮಗುವಿನ ಉಗುಳನ್ನೇ ಒಂದು ಲೋಟದಲ್ಲಿ ಸಂಗ್ರಹಿಸಿ ಅದರಲ್ಲಿಡಿ. ಬರಿ ನೀರು ಅಷ್ಟು ಒಳ್ಳೆಯದಲ್ಲ, ಆದರೂ ಒಣಗಲು ಬಿಡುವುದಕ್ಕಿಂತ ಮೇಲು. ಕಾಗದ, ಹತ್ತಿ, ಜೇಬು ಮಾತ್ರ ಬೇಡವೇ ಬೇಡ.

5. ಕೂಡಲೇ ದಂತವೈದ್ಯರ ಬಳಿಗೆ ಹೊರಡಿ. ಹೊರಡುವ ಮುನ್ನ ಫೋನ್ ಮಾಡಿ ವೈದ್ಯರು ಇದ್ದಾರೆಯೇ ಎಂದು ತಿಳಿದುಕೊಳ್ಳಿ. ಬೇಗ ಹೋದಷ್ಟೂ ಲಾಭ. ತಡವಾಗಿದ್ದರೂ ಹಲ್ಲನ್ನು ಎಸೆಯಬೇಡಿ, ಕೂರಿಸಬೇಕೋ ಬೇಡವೋ ಎಂದು ಅವರೇ ಹೇಳಲಿ.

6. ಬಿದ್ದದ್ದು ಹಾಲುಹಲ್ಲಾದರೆ ಮತ್ತೆ ಕೂರಿಸಬಾರದು. ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಅದರಿಂದ ಹಾನಿಯಾದೀತು. ಯಾವ ಹಲ್ಲು ಎಂಬ ಅನುಮಾನವಿದ್ದರೆ ಹಾಲಿನಲ್ಲಿಟ್ಟುಕೊಂಡು ಹೋಗಿ. ಹಲ್ಲಿನ ತುಂಡು ಮಾತ್ರ ಮುರಿದಿದ್ದರೆ ಅದನ್ನೂ ಒದ್ದೆಯಾಗಿಟ್ಟು ತನ್ನಿ, ಎಷ್ಟೋ ಸಲ ಅದನ್ನೇ ಅಂಟಿಸಲು ಬರುತ್ತದೆ.

ಮಗುವಿಗೆ ಎಚ್ಚರ ತಪ್ಪಿದರೆ, ಪದೇ ಪದೇ ವಾಂತಿಯಾದರೆ, ಕಿವಿ ಮೂಗಿನಿಂದ ರಕ್ತವೋ ನೀರೋ ಬಂದರೆ, ಬಾಯಿ ಮುಚ್ಚಿದಾಗ ಮೇಲಿನ ಕೆಳಗಿನ ಹಲ್ಲು ಮೊದಲಿನಂತೆ ಕೂಡದಿದ್ದರೆ ಹಲ್ಲಿನ ಮಾತು ಆಮೇಲೆ, ಮೊದಲು ಆಸ್ಪತ್ರೆಗೆ ಒಯ್ಯಿರಿ. ಹುಡುಕಿದರೂ ಹಲ್ಲು ಸಿಗದೆ ಮಗು ಕೆಮ್ಮುತ್ತಿದ್ದರೆ ಅದು ಶ್ವಾಸನಾಳಕ್ಕೆ ಇಳಿದಿರಬಹುದು. ಎದೆಯ ಎಕ್ಸ್‌ರೇ ತೆಗೆಸಲೇಬೇಕು.

ದಂತವೈದ್ಯರು ಹಲ್ಲನ್ನು ಅಕ್ಕಪಕ್ಕದ ಹಲ್ಲುಗಳಿಗೆ ಸುಮಾರು ಎರಡು ವಾರ ಕಟ್ಟಿಡುತ್ತಾರೆ. ಬೇರು ಬೆಳೆದು ಮುಗಿದ ಹಲ್ಲಾದರೆ ಬೇರುನಾಳದ ಚಿಕಿತ್ಸೆಯೂ ಬೇಕಾಗುತ್ತದೆ. ಕೂಡಿಸಿದ ಹಲ್ಲೆಲ್ಲ ಜೀವಮಾನವಿಡೀ ಉಳಿಯುತ್ತದೆ ಎಂದು ಭರವಸೆ ಕೊಡಲಾರೆ. ಕೆಲವು ಕೆಲವೇ ವರ್ಷಗಳಲ್ಲಿ ಸವೆದು ಹೋಗುತ್ತವೆ. ಆದರೆ ದವಡೆ ಬೆಳೆಯುವ ಆ ವರ್ಷಗಳಲ್ಲಿ ಸ್ವಂತ ಹಲ್ಲು ಅದರ ಜಾಗದಲ್ಲಿ ನಿಂತಿದ್ದರೆ ಮೂಳೆಯೂ ಉಳಿಯುತ್ತದೆ, ಮಗುವಿನ ನಗೆಯೂ ಉಳಿಯುತ್ತದೆ.

ಶಾಲೆಗಳಿಗೆ ಒಂದು ವಿನಂತಿ

ಪೆಟ್ಟು ಬೀಳುವ ಹೊತ್ತಿಗೆ ಮಗುವಿನ ಹತ್ತಿರ ಇರುವವರು ನಾವು ವೈದ್ಯರಲ್ಲ, ದೈಹಿಕ ಶಿಕ್ಷಕರು. ತಿಂಥಣಿಯಂಥ ಊರಿನಿಂದ ವಾಹನ ಹಿಡಿದು ಸುರಪುರ ಸೇರುವಷ್ಟರಲ್ಲೇ ಬೆಲೆಯುಳ್ಳ ನಿಮಿಷಗಳು ಕಳೆದುಹೋಗುತ್ತವೆ. ಆದ್ದರಿಂದ ಹಲ್ಲಿನ ಭವಿಷ್ಯ ಬಯಲಿನಲ್ಲೇ ತೀರ್ಮಾನವಾಗುತ್ತದೆ. ಶಾಲೆಯ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಮುಚ್ಚಳವುಳ್ಳ ಒಂದು ಚಿಕ್ಕ ಡಬ್ಬಿ, ಸ್ವಚ್ಛ ಬಟ್ಟೆ, ಹತ್ತಿರದ ದಂತವೈದ್ಯರ ಫೋನ್ ನಂಬರು ಇರಲಿ. ತಾಲ್ಲೂಕು ಮಟ್ಟದ ಪಂದ್ಯಕ್ಕೆ ತಂಡ ಕಳಿಸುವಾಗ ಸಮವಸ್ತ್ರ ಕೊಡಿಸುವ ದಾನಿಗಳು ಸಿಗುತ್ತಾರೆ. ಅವರನ್ನು ಬಾಯಿಕವಚಕ್ಕೂ ಕೇಳಿ, ಇಲ್ಲ ಎನ್ನುವವರು ಕಡಿಮೆ.

ಆ ತಂದೆ ಬಾಗಿಲಲ್ಲಿ ನಿಂತು ಕೇಳಿದ ದಿನ ಇದನ್ನೆಲ್ಲ ಅವನಿಗೆ ಹೇಳಿದೆ. ಹಳೆಯ ಸಂಜೆಯ ನನ್ನ ತಪ್ಪನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ಯಾರಿಗಿ ಗೊತ್ತಿತ್ತು ಬಿಡ್ರಿ" ಎಂದ. ಹದಿನೈದು ದಿನ ಬಿಟ್ಟು ಮಗನ ಜೊತೆ ಬಂದು ಕವಚ ತೋರಿಸಿದ. ಹುಡುಗ ಅದನ್ನು ಬಾಯಿಗೆ ಹಾಕಿಕೊಂಡು ಊರ ಹೆಸರು ಹೇಳಿದ. ಎಲ್ಲ ಅಕ್ಷರಗಳೂ ಸ್ಪಷ್ಟವಾಗಿದ್ದವು.

ಆಗ ಯಾರಿಗೂ ಗೊತ್ತಿರಲಿಲ್ಲ ಎನ್ನುವುದು ಅವನ ದೊಡ್ಡ ಮನಸ್ಸು. ಈಗ ನಿಮಗೆ ಗೊತ್ತಾಗಿದೆ.